ಮಧುಚಂದ್ರದ ಕಾರಿನ ಡಬ್ಬಿಗಳು ನನ್ನ ಅಡುಗೆಮನೆಯಲ್ಲಿದ್ದವು

ಹೇಳಿಕೆ ನೀಡಿದವರು: ಒನೊರೀನ್ ಕಾಸ್ತೆಲ್ಲಾಸ್, ದಿವಂಗತ ಲೂಸಿಯಾನ್ ಕಾಸ್ತೆಲ್ಲಾಸ್ ಅವರ ಪತ್ನಿ, ವಯಸ್ಸು 72 ವರ್ಷ, ನಿವೃತ್ತ ಗ್ರಂಥಪಾಲಕಿ, ವಾಸ: ಚರ್ಚ್ ಚೌಕದ ಎರಡನೇ ಮನೆ, ಮೊಂಟ್‌ವೆರಾನ್ ಗ್ರಾಮ, ವಾರ್ ಜಿಲ್ಲೆ.

ಬ್ರಿಸೋಲ್ ಠಾಣೆಯ ಅಧಿಕಾರಿಗಳ ಎದುರು, ಯಾರ ಒತ್ತಾಯವೂ ಇಲ್ಲದೆ ನಾನಾಗಿಯೇ ಬಂದು ಈ ಮೂಲಕ ತಿಳಿಸುತ್ತಿರುವುದು ಹೀಗಿದೆ.

ಇದೇ ಜುಲೈ 7ನೇ ತಾರೀಖು ಗುರುವಾರ ನಮ್ಮೂರಿನ ದಕ್ಷಿಣಕ್ಕಿರುವ ಪೈನ್ ಕಾಡಿಗೆ ಬೆಂಕಿ ಬಿದ್ದು ನಲವತ್ತಮೂರು ಹೆಕ್ಟೇರ್ ಸುಟ್ಟುಹೋಗಿದೆ. ಈ ಸಂಬಂಧ ಯಾನಿಸ್ ಬೆಲ್ಕಾಸೆಮ್ ಎಂಬ 27 ವರ್ಷದ ಹುಡುಗನನ್ನು ಅಂದು ಸಂಜೆಯಿಂದ ಈ ಠಾಣೆಯಲ್ಲಿ ಇಟ್ಟುಕೊಳ್ಳಲಾಗಿದೆ. ಇಂದು ಸಂಜೆ 5 ಗಂಟೆಗೆ ಅವನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸುವುದಾಗಿಯೂ ಅಲ್ಲಿಂದ ಜೈಲಿಗೆ ಕಳಿಸುವ ಸಂಭವ ಇದೆಯೆಂದೂ ಅವನ ಹೆಂಡತಿಗೆ ತಿಳಿಸಿದ್ದಾರೆ. ಅವರಿಗೆ ಮದುವೆಯಾಗಿ ಇಂದಿಗೆ ಎರಡು ವಾರ. ಗುರುವಾರ ಬೆಳಿಗ್ಗೆಗೆ ಮೊದಲು ಅವರಿಬ್ಬರನ್ನೂ ನಾನು ಕಂಡವಳಲ್ಲ. ಅವರಿಗೂ ನನಗೂ ಯಾವ ಸಂಬಂಧವೂ ಇಲ್ಲ.

ಗುರುವಾರ ಬೆಳಿಗ್ಗೆ 11 ಗಂಟೆ 10 ನಿಮಿಷಕ್ಕೆ ನಾನು ಮನೆಯಲ್ಲಿ ಬೀನ್ಸ್ ಬಿಡಿಸುತ್ತಿದ್ದಾಗ ಚೌಕದಲ್ಲಿ ಪಾತ್ರೆ ಅಂಗಡಿಯೇ ಉರುಳಿ ಬಂದಂಥ ಸದ್ದಾಯಿತು. ಹೊರಗೆ ಬಂದು ನೋಡಿದೆ. ಹಳೆಯ ಹಳದಿ ಬಣ್ಣದ ಒಂದು ಕಾರು ಕಾರಂಜಿಯನ್ನು ಸುತ್ತು ಹಾಕುತ್ತಿತ್ತು. ಹಿಂದಿನ ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಈಗಷ್ಟೇ ಮದುವೆಯಾಗಿದೆ ಎಂದು ಬರೆದಿತ್ತು. ಹಿಂಭಾಗಕ್ಕೆ ಒಂಬತ್ತು ಖಾಲಿ ತಗಡಿನ ಡಬ್ಬಿಗಳನ್ನು ಹಗ್ಗದಲ್ಲಿ ಕಟ್ಟಿದ್ದರು. ನಾನು ಕಾರಿಗೆ ಅಡ್ಡ ನಿಂತೆ. ಈ ಚೌಕದಲ್ಲಿ ಯಾರು ಗದ್ದಲ ಮಾಡಿದರೂ ಅಡ್ಡ ನಿಲ್ಲುವುದು ನನ್ನ ಅಭ್ಯಾಸ. ಪುರಸಭೆಯವರಿಗೂ ಇದು ಗೊತ್ತು.

ಕಾರು ನಡೆಸುತ್ತಿದ್ದವನು ಯಾನಿಸ್. ಪಕ್ಕದಲ್ಲಿ ಅವನ ಹೆಂಡತಿ ಕ್ಲೆಮಾನ್ಸ್ ಇದ್ದಳು. ಇದು ಚರ್ಚಿನ ಜಾಗ, ಮಲಗಿರುವವರಿದ್ದಾರೆ, ಸದ್ದು ನಿಲ್ಲಿಸಬೇಕು ಎಂದು ನಾನು ಹೇಳಿದೆ. ಹನ್ನೊಂದು ಗಂಟೆಗೆ ಯಾರು ಮಲಗಿರುತ್ತಾರೆ ಎಂದು ಹುಡುಗ ನಗುತ್ತ ಕೇಳಿದ. ಚರ್ಚಿನ ಹಿಂದಿನ ಸ್ಮಶಾನವನ್ನು ತೋರಿಸಿದೆ. ಅವನು ತಕ್ಷಣ ಇಂಜಿನ್ ನಿಲ್ಲಿಸಿ ಕೆಳಗಿಳಿದ. ತಪ್ಪಾಯಿತು ಎಂದು ನನ್ನ ಕಡೆಗೂ ಸ್ಮಶಾನದ ಕಡೆಗೂ ತಿರುಗಿ ಎರಡು ಸಲ ಹೇಳಿದ. ಅಷ್ಟರಲ್ಲೇ ನನ್ನ ಸಿಟ್ಟು ಅರ್ಧ ಇಳಿದಿತ್ತು.

ಸದ್ದಿಗಿಂತ ದೊಡ್ಡ ವಿಷಯ ಬೇರೆ ಇದೆ, ಜುಲೈ ತಿಂಗಳಲ್ಲಿ ನಮ್ಮ ಕಡೆ ರಸ್ತೆಯ ಮೇಲೆ ತಗಡು ಎಳೆದುಕೊಂಡು ಹೋಗಬಾರದು, ಕಿಡಿ ಹಾರಿ ಒಣಹುಲ್ಲಿಗೆ ಬಿದ್ದರೆ ಊರೇ ಹೋಗುತ್ತದೆ ಎಂದು ನಾನು ತಿಳಿಸಿದೆ. ಹುಡುಗಿಯ ಮುಖ ಬಾಡಿತು. ಆ ಡಬ್ಬಿಗಳನ್ನು ಅವಳ ಅಜ್ಜಿ ತನ್ನ ಕೈಯಾರೆ ಕಟ್ಟಿದ್ದಳಂತೆ. ಅವರು ಉತ್ತರದ ರೂಬೆ ಊರಿನವರು. ಅವನು ಟ್ರಾಮ್ ಚಾಲಕ, ಅವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಇಟಲಿಯ ಗಡಿಯ ಹತ್ತಿರದ ಮಾಂತೋ ಊರು ತಲುಪಿ, ಅಲ್ಲಿನ ಸಮುದ್ರ ಕಂಡ ಮೇಲೆಯೇ ಹಗ್ಗ ಬಿಚ್ಚಬೇಕೆಂದು ಅಜ್ಜಿ ಹೇಳಿ ಕಳಿಸಿದ್ದಳು. ದೊಡ್ಡ ಹೆದ್ದಾರಿ ಹಿಡಿಯಬಾರದು, ದಿನಕ್ಕೊಬ್ಬರು ದಾರಿ ಆರಿಸಬೇಕು, ಇನ್ನೊಬ್ಬರು ತಕರಾರು ಮಾಡಬಾರದು ಎಂದು ಗಂಡ ಹೆಂಡತಿ ಒಪ್ಪಂದ ಮಾಡಿಕೊಂಡಿದ್ದರು. ಆವಿನ್ಯೋ, ಆರ್ಲ್, ಕಾಸಿ ಊರುಗಳನ್ನೆಲ್ಲ ಹೀಗೇ ಸುತ್ತಿ ಬಂದಿದ್ದರು. ಗುರುವಾರ ಹುಡುಗಿಯ ಪಾಳಿ. ಅವಳು ನಮ್ಮೂರ ದಾರಿ ಆರಿಸಿದ್ದಳು.

ಅಜ್ಜಿಗೆ ತಾನು ಹೇಳುತ್ತೇನೆ ಎಂದು ಹುಡುಗ ಹೇಳಿದ. ನಾನು ಒಳಗಿನಿಂದ ಬಳ್ಳಿ ಸವರುವ ಕತ್ತರಿ ತಂದುಕೊಟ್ಟೆ. ಅವನು ನೆಲದ ಮೇಲೆ ಕುಳಿತು ಹಗ್ಗವನ್ನು ಕತ್ತರಿಸಿದ. ಆಗ ಸಮಯ 11 ಗಂಟೆ 25 ನಿಮಿಷ. ಕಸಕ್ಕೆ ಹಾಕುವುದು ಬೇಡ, ವಾಪಸು ಹೋಗುವಾಗ ಈ ದಾರಿಯಲ್ಲೇ ಬಂದು ತೆಗೆದುಕೊಂಡು ಹೋಗುತ್ತೇವೆ ಎಂದು ಹುಡುಗಿ ಕೇಳಿಕೊಂಡಿದ್ದರಿಂದ ಒಂಬತ್ತೂ ಡಬ್ಬಿಗಳನ್ನು ನನ್ನ ಅಡುಗೆಮನೆಯ ಮೇಜಿನ ಕೆಳಗೆ ಇಟ್ಟುಕೊಂಡೆ. ಇಂದು ಹಗ್ಗದ ಸಮೇತ ಅವನ್ನು ತಂದು ಅಧಿಕಾರಿಗಳಿಗೆ ಒಪ್ಪಿಸಿದ್ದೇನೆ. ಹಗ್ಗದ ಉಳಿದ ತುದಿಗಳು ಆ ಕಾರಿನ ಹಿಂಭಾಗದಲ್ಲಿ ಈಗಲೂ ಇವೆ. ಎರಡನ್ನೂ ಜೋಡಿಸಿ ನೋಡಬಹುದು.

ಬೈದ ಮೇಲೆ ಹಾಗೇ ಕಳಿಸುವುದು ಸರಿಯಲ್ಲವೆಂದು ಇಬ್ಬರಿಗೂ ಬ್ರೆಡ್ಡು, ಮೇಕೆ ಹಾಲಿನ ಚೀಸ್, ಏಪ್ರಿಕಾಟ್ ಹಣ್ಣು ಕೊಟ್ಟೆ. ಅವರು ನನ್ನ ಬಾಗಿಲ ಮೆಟ್ಟಿಲ ಮೇಲೆ ಕುಳಿತು ತಿಂದರು. 12 ಗಂಟೆ 10 ನಿಮಿಷಕ್ಕೆ ಕೆಳಗಿನ ರಸ್ತೆ ಹಿಡಿದು ಕಣಿವೆಯ ಕಡೆ ಹೋದರು. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಕಾರಿನ ಹಿಂದೆ ಏನೂ ಇರಲಿಲ್ಲ, ಏನೂ ಸದ್ದಾಗಲಿಲ್ಲ.

ಕಾಫಿ ಅಂಗಡಿಯ ರೊಸೆಟ್ ಪುರ್ಸಾನ್ ಅವರು, ಆ ಕಾರು ಡಬ್ಬಿಗಳನ್ನು ಎಳೆದುಕೊಂಡು ಕಿಡಿ ಹಾರಿಸುತ್ತ ಊರಿಂದ ಹೊರಟದ್ದನ್ನು ಕಂಡೆನೆಂದು ಹೇಳಿಕೆ ಕೊಟ್ಟಿದ್ದಾರೆಂದು ತಿಳಿಯಿತು. ರೊಸೆಟ್ ಸುಳ್ಳುಗಾರಳಲ್ಲ. ನಲವತ್ತು ವರ್ಷದಿಂದ ಅವಳನ್ನು ಬಲ್ಲೆ. ಆದರೆ ಅವಳು ಕಂಡದ್ದು ಕಾರು ಬಂದದ್ದನ್ನು. ಹೋಗುವ ಹೊತ್ತಿಗೆ ಅವಳು ಅಡುಗೆಮನೆಯೊಳಗೆ ಹದಿನಾಲ್ಕು ಊಟ ಬಡಿಸುತ್ತಿದ್ದಳು, ಅಲ್ಲಿಂದ ರಸ್ತೆ ಕಾಣುವುದಿಲ್ಲ. ಆ ಬೆಂಕಿಯಲ್ಲಿ ಅವಳ ಅಣ್ಣನ ಜೇನುಪೆಟ್ಟಿಗೆಗಳೆಲ್ಲ ಹೋದವು. ಅಷ್ಟು ಕಳೆದುಕೊಂಡವರಿಗೆ ಬಂದದ್ದೂ ಹೋದದ್ದೂ ಒಂದೇ ಆಗಿ ಕಾಣುವುದುಂಟು.

ಇನ್ನು ನಾನು ಹೇಳಬೇಕಾದದ್ದು ನನ್ನ ಮೈದುನನ ವಿಷಯ. ಡಬ್ಬಿಗಳ ವಿಷಯ ಇಷ್ಟು ಸಾಕು, ಮುಂದಿನದನ್ನು ಹೇಳಲೇಬೇಕೆಂಬ ಒತ್ತಾಯವಿಲ್ಲ ಎಂದು ಅಧಿಕಾರಿಗಳು ತಿಳಿಸಿದರು. ಬೆಂಕಿ ಯಾರಿಂದ ಬಿತ್ತೆಂದು ತಿಳಿಯದೆ ಹೋದರೆ ಊರು ಮತ್ತೆ ಆ ಹುಡುಗನ ಹೆಸರನ್ನೇ ಹೇಳುತ್ತದೆ, ಆದ್ದರಿಂದ ಬರೆದುಕೊಳ್ಳಬೇಕು ಎಂದು ನಾನು ಕೋರಿದೆ.

ಎಮೆ ಕಾಸ್ತೆಲ್ಲಾಸ್, ವಯಸ್ಸು 68 ವರ್ಷ, ನನ್ನ ಗಂಡನ ತಮ್ಮ. ನನ್ನ ಮನೆಯಿಂದ ಮುನ್ನೂರು ಮೀಟರ್ ದೂರದಲ್ಲಿ ಅವನ ಮನೆ, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆಲಿವ್ ತೋಟ. ತೋಟದ ಎರಡನೇ ಹಂತದಿಂದ ನೂರೆಂಬತ್ತು ಮೀಟರ್ ಕೆಳಗೆ, ದಕ್ಷಿಣಕ್ಕೆ, ಆ ಕಾರು ಹಿಡಿದ ಕೆಳಗಿನ ರಸ್ತೆ ಹಾದುಹೋಗುತ್ತದೆ. ನಮ್ಮಲ್ಲಿ ಮನೆಯ ಸುತ್ತ ಐವತ್ತು ಮೀಟರ್ ಒಣಹುಲ್ಲು, ಪೊದೆ ಸವರಿ ಇಡಬೇಕೆಂದು ಕಾನೂನಿದೆ. ಬೆಂಕಿ ಬಾರದಿರಲೆಂದು ಮಾಡಿದ ಕಾನೂನು. ಮಂಡಿ ಶಸ್ತ್ರಚಿಕಿತ್ಸೆಯಾಗಿದ್ದರಿಂದ ಎಮೆಗೆ ಈ ವಸಂತದಲ್ಲಿ ಆ ಕೆಲಸ ಆಗಲಿಲ್ಲ. ಮಂಡಿ ನೋವಿನವನಿಗೆ ಇಬ್ಬರು ಆಳುಗಳನ್ನು ಕಳಿಸುವ ಬದಲು ಪುರಸಭೆಯವರು ಎರಡನೇ ನೋಟಿಸು ಕಳಿಸಿದರು. ಜುಲೈ ಹತ್ತರೊಳಗೆ ಮುಗಿಸದಿದ್ದರೆ ದಂಡ. ಹುಲ್ಲು ಹಸಿಯಾಗಿದ್ದಾಗ ಕೇಳದೆ, ಬೆಂಕಿಕಡ್ಡಿಯಂತಾದ ಮೇಲೆ ಕತ್ತರಿಸು ಎನ್ನುವ ಈ ಬುದ್ಧಿಯ ಬಗ್ಗೆ ಹೋದ ವರ್ಷವೂ ಸಭೆಯಲ್ಲಿ ಎದ್ದು ನಿಂತು ಹೇಳಿದ್ದೆ.

ಆ ವಾರ ಸೋಮವಾರದಿಂದ ಮಿಸ್ತ್ರಾಲ್ ಎಂಬ ನಮ್ಮ ಕಡೆಯ ಬಿರುಸಾದ ಒಣಗಾಳಿ ಬೀಸುತ್ತಿತ್ತು. ಗಾಳಿಯಿರುವ ದಿನ ಯಂತ್ರ ಹಚ್ಚಬಾರದೆಂಬ ನಿಷೇಧ ಎಮೆಗೂ ಗೊತ್ತು. ಆದರೆ ನಮ್ಮ ಕಡೆಯವರ ಒಂದು ನಂಬಿಕೆ ಏನೆಂದರೆ, ಮಿಸ್ತ್ರಾಲ್ ಬೀಸಿದರೆ ಮೂರು ದಿನ, ಇಲ್ಲವೇ ಆರು, ಇಲ್ಲವೇ ಒಂಬತ್ತು. ಮೂರಕ್ಕೆ ನಿಂತಿತೆಂದರೆ ಮತ್ತೆ ಏಳುವುದಿಲ್ಲ. ನನ್ನ ಅತ್ತೆ ಹೀಗೆ ಎಣಿಸಿ ಬಟ್ಟೆ ಒಗೆಯುತ್ತಿದ್ದರು. ನನ್ನ ಗಂಡ ಹೀಗೆ ಎಣಿಸಿ ದ್ರಾಕ್ಷಿಗೆ ಔಷಧಿ ಹೊಡೆಯುತ್ತಿದ್ದರು. ಗುರುವಾರ ಬೆಳಿಗ್ಗೆ ಗಾಳಿ ಪೂರ್ತಿ ಬಿದ್ದಿತ್ತು. ಎಲೆ ಅಲುಗುತ್ತಿರಲಿಲ್ಲ.

12 ಗಂಟೆ 20 ನಿಮಿಷಕ್ಕೆ ಎಮೆ ಕಳೆ ಕತ್ತರಿಸುವ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ನನ್ನ ಕಿಟಕಿಯ ಮುಂದೆ ಹೋದ. ಮುಳ್ಳುಪೊದೆ ಇರುವುದರಿಂದ ನೈಲಾನ್ ದಾರದ ಬದಲು ಕಬ್ಬಿಣದ ಅಲಗು ಹಾಕಿದ್ದ. ಊಟದ ಹೊತ್ತಿನಲ್ಲಿ ಎಲ್ಲಿಗೆ ಎಂದು ಕೇಳಿದೆ.

"ಮೂರು ದಿನ ಮುಗೀತಲ್ಲ ಅತ್ತಿಗೆ. ಸತ್ತ ಗಾಳಿ ಮತ್ತೆ ಏಳುತ್ತಾ? ಒಂದು ಗಂಟೆ ಕೆಲಸ, ಮುಗಿಸಿಬಿಟ್ಟರೆ ಮೇಯರ್ ಮುಖ ನೋಡೋದು ತಪ್ಪುತ್ತೆ."

ಸಂಜೆ ಮಾಡಬಹುದಲ್ಲ ಎಂದೆ. ಸಂಜೆ ಮಂಡಿ ಮಾತು ಕೇಳುವುದಿಲ್ಲ ಎಂದು ಹೇಳಿ ಹೋದ. 12 ಗಂಟೆ 25ಕ್ಕೆ ಯಂತ್ರದ ಸದ್ದು ಶುರುವಾಯಿತು. 12 ಗಂಟೆ 40ಕ್ಕೆ ನನ್ನ ಮಹಡಿಯ ಕಿಟಕಿಯ ಬಾಗಿಲು ಧಡ್ಡನೆ ಬಡಿದುಕೊಂಡಿತು. ಗಾಳಿ ಎದ್ದಿತ್ತು. ಯಂತ್ರದ ಸದ್ದು ನಿಲ್ಲಲಿಲ್ಲ. ಕಿವಿಗೆ ಮುಚ್ಚಳ ಹಾಕಿಕೊಂಡು ಬಗ್ಗಿ ಕೆಲಸ ಮಾಡುವವನಿಗೆ ಆಲಿವ್ ಮರಗಳ ಮರೆಯಲ್ಲಿ ಗಾಳಿ ಬೇಗ ತಿಳಿಯುವುದಿಲ್ಲ. ನಾನು ಕಿಟಕಿ ಮುಚ್ಚಲು ಮೇಲೆ ಹೋದಾಗ ಯಂತ್ರ ಒಮ್ಮೆಲೇ ನಿಂತಿತು. 12 ಗಂಟೆ 50ಕ್ಕೆ ತೋಟದ ಎರಡನೇ ಹಂತದಿಂದ ಹೊಗೆ ಎದ್ದದ್ದನ್ನು ನಾನು ಕಣ್ಣಾರೆ ಕಂಡೆ. ಆಗ ಕೆಳಗಿನ ರಸ್ತೆಯಲ್ಲಿ ಹೊಗೆ ಇರಲಿಲ್ಲ. 12 ಗಂಟೆ 52ಕ್ಕೆ ಅಗ್ನಿಶಾಮಕದವರಿಗೆ ಫೋನ್ ಮಾಡಿದ್ದು ನಾನೇ. ಮಿಸ್ತ್ರಾಲ್ ಬೀಸುವುದು ಉತ್ತರದಿಂದ. ರಸ್ತೆಯಲ್ಲಿ ಹತ್ತಿದ ಬೆಂಕಿ ಗಾಳಿಗೆದುರಾಗಿ ನೂರೆಂಬತ್ತು ಮೀಟರ್ ಹತ್ತಿ ಆಲಿವ್ ತೋಟಕ್ಕೆ ಹೋಗುವುದಿಲ್ಲ. ಇದು ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಇದನ್ನು ಎರಡು ದಿನದಿಂದ ಯಾರೂ ಕೇಳಿಕೊಳ್ಳದಿರುವುದು ನನಗೆ ಆಶ್ಚರ್ಯ ತಂದಿದೆ.

ನಾನು ತೋಟದ ಹತ್ತಿರ ತಲುಪಿದಾಗ 1 ಗಂಟೆ 5 ನಿಮಿಷ. ಅಲ್ಲಿ ಎಮೆ ಮತ್ತು ಯಾನಿಸ್ ಇಬ್ಬರೂ ಒದ್ದೆ ಕಂಬಳಿಯಿಂದ ಬೆಂಕಿಯನ್ನು ಬಡಿಯುತ್ತಿದ್ದರು. ಕಣಿವೆಯ ತಿರುವಿನಲ್ಲಿ ಕಾರು ನಿಲ್ಲಿಸಿಕೊಂಡಿದ್ದಾಗ ಹೊಗೆ ಕಂಡು, ನಮಗೆ ಹಣ್ಣು ಕೊಟ್ಟ ಆ ಅಜ್ಜಿಯ ಊರು ಸುಡುತ್ತಿದೆ ಎಂದು ಹೇಳಿ ಕಾರು ತಿರುಗಿಸಿದ್ದು ಯಾನಿಸ್ ಎಂದು ಆಮೇಲೆ ಕ್ಲೆಮಾನ್ಸ್ ತಿಳಿಸಿದಳು. ಕಂಬಳಿಗಳು ಮದುವೆಗೆ ಬಂದ ಉಡುಗೊರೆ. ಅಗ್ನಿಶಾಮಕದವರು 1 ಗಂಟೆ 15ಕ್ಕೆ ಬಂದರು. ಹುಡುಗ ಎರಡೂವರೆಯವರೆಗೂ ಅಲ್ಲೇ ಇದ್ದ. ಅವನ ಅಂಗಿ ಸುಟ್ಟದ್ದು, ಕೈಗೆ ಮಸಿಯಾದದ್ದು ಹಾಗೆ. ಅದೇ ಮಸಿಯನ್ನು ಅವನ ವಿರುದ್ಧದ ಸಾಕ್ಷಿಯೆಂದು ಬರೆದುಕೊಳ್ಳಲಾಗಿದೆ.

ಸಂಜೆ 4 ಗಂಟೆ 30ಕ್ಕೆ ಚೌಕದಲ್ಲಿ ಜನ ಸೇರಿದರು. ಡಬ್ಬಿಗಳ ಮಾತು ಬಂತು. ಯಾರೂ ಹುಡುಗನ ಹೆಸರು ಹಿಡಿದು ಏನೂ ಹೇಳಲಿಲ್ಲ. ಉತ್ತರದವರು, ಹೊರಗಿನವರು ಎಂದಷ್ಟೇ ಹೇಳಿದರು. ಆದರೆ ಡಬ್ಬಿ ಕಟ್ಟಿದ್ದ ಕಾರಿನಲ್ಲಿ ಇಬ್ಬರಿದ್ದರು, ಕಾರು ಹುಡುಗಿಯ ಹೆಸರಿನಲ್ಲಿತ್ತು. ಪೊಲೀಸರು ಬಂದು ಕ್ಲೆಮಾನ್ಸ್ ದವಾಲ್ ಎಂಬ ಹೆಸರಿನವಳನ್ನು ಬಿಟ್ಟು ಯಾನಿಸ್ ಬೆಲ್ಕಾಸೆಮ್ ಎಂಬ ಹೆಸರಿನವನನ್ನು ಕರೆದೊಯ್ದರು. ಈ ಎರಡು ವಾಕ್ಯಗಳನ್ನು ಹಾಗೇ ಬರೆದುಕೊಳ್ಳಬೇಕೆಂದು ಕೋರಿದ್ದೇನೆ.

ಎಮೆ ಆಗ ಕಾರಂಜಿಯ ಕಲ್ಲಿನ ಮೇಲೆ ತಲೆಗೆ ಒದ್ದೆ ಟವೆಲ್ ಹಾಕಿಕೊಂಡು ಕುಳಿತಿದ್ದ. ಹುಡುಗನಿಗೂ ಅವನಿಗೂ ನಡುವೆ ಐದು ಮೀಟರ್ ಇರಬಹುದು. ತೋಟದಲ್ಲಿ ಬಿದ್ದಿದ್ದ ಯಂತ್ರವನ್ನು ಹುಡುಗ ನೋಡಿದ್ದ. ನೋಡದಿರಲು ಸಾಧ್ಯವಿಲ್ಲ, ಅದನ್ನು ಬೆಂಕಿಯಿಂದ ಎಳೆದು ಹಾಕಿದವನೇ ಅವನು. ಪೊಲೀಸ್ ವಾಹನ ಹತ್ತುವಾಗ ಅವನು ಎಮೆಯ ಕಡೆ ತಿರುಗಿ ಹೇಳಿದ ಮಾತು ಇಷ್ಟೇ:

"ತಾತ, ಆ ಕೈಗೆ ಮುಲಾಮು ಹಚ್ಚಿಸಿಕೊಳ್ಳಿ. ಹಾಗೇ ಬಿಡಬೇಡಿ."

ಎಮೆ ಕೈಗಳನ್ನು ಟವೆಲಿನೊಳಗೆ ಎಳೆದುಕೊಂಡ.

ಡಬ್ಬಿಗಳು ನನ್ನ ಮನೆಯಲ್ಲಿವೆ ಎಂದು ಅಲ್ಲೇ ಇದ್ದ ಪೊಲೀಸರೊಬ್ಬರಿಗೆ ನಾನು ಹೇಳಿದೆ. ಠಾಣೆಗೆ ಬಂದು ಹೇಳಿಕೆ ಕೊಡಿ ಎಂದರು. ಅಷ್ಟು ಜನರ ಎದುರು ಎಮೆಯ ಹೆಸರನ್ನು ನಾನು ಹೇಳಲಿಲ್ಲ. ಅವನೇ ಹೇಳಲಿ ಎಂದು ಒಂದು ದಿನ ಕಾದೆ. ಆ ಒಂದು ದಿನವನ್ನು ಹುಡುಗ ಇಲ್ಲಿ ಒಳಗೆ ಕಳೆದಿದ್ದಾನೆ.

ಇಲ್ಲಿ ಒಂದು ಹಳೆಯ ವಿಷಯವನ್ನು ತಿಳಿಸಬೇಕಾಗಿದೆ. ಪ್ರಕರಣಕ್ಕೆ ಸಂಬಂಧವಿಲ್ಲವೆಂದು ಅಧಿಕಾರಿಗಳು ಹೇಳಿದರು. ಸಂಬಂಧ ಇದೆ. 1978ರ ಆಗಸ್ಟ್‌ನಲ್ಲಿ ಇದೇ ಕಾಡಿಗೆ ಬೆಂಕಿ ಬಿತ್ತು. ಆಗ ಕಾಡಿನ ಅಂಚಿನಲ್ಲಿ ಈ ಹುಡುಗನಂಥದೇ ಹೆಸರುಗಳ, ಅಲ್ಜೀರಿಯದಿಂದ ಬಂದ ಕುಟುಂಬಗಳ ಹನ್ನೊಂದು ಗುಡಿಸಲುಗಳಿದ್ದವು. ಅಲ್ಲಿನ ಸ್ವಾತಂತ್ರ್ಯ ಯುದ್ಧದಲ್ಲಿ ನಮ್ಮ ಸೈನ್ಯದ ಪರವಾಗಿ ಹೋರಾಡಿ ತಮ್ಮ ದೇಶದಲ್ಲಿ ಇರಲಾರದೆ ಬಂದವರು. ನಮ್ಮ ಸರ್ಕಾರ ಅವರನ್ನು ಕಾಡಿನಲ್ಲಿಟ್ಟು ಮರ ಕಡಿಸುತ್ತಿತ್ತು. ಅವರಲ್ಲಿ ಬ್ರಾಹಿಮ್ ಝೆರೂಕಿ ಎಂಬವನು ಸಿಗರೇಟು ಸೇದುತ್ತಿದ್ದ. ಊರಿಗೆ ಅಷ್ಟು ಸಾಕಾಯಿತು. ನಾಲ್ಕು ತಿಂಗಳು ಒಳಗಿದ್ದ. ಆಮೇಲೆ ನಮ್ಮೂರಿನವನೇ ಒಬ್ಬ ಹೊಲದ ಕೂಳೆ ಸುಡಲು ಹೋಗಿ ಬೆಂಕಿ ಕೈಮೀರಿದ್ದೆಂದು ಗೊತ್ತಾಯಿತು. ಝೆರೂಕಿಯನ್ನು ಬಿಟ್ಟರು. ಅವನ ಹೆಂಡತಿ ವಾರಕ್ಕೊಮ್ಮೆ ಗ್ರಂಥಾಲಯಕ್ಕೆ ಮಕ್ಕಳನ್ನು ಕರೆತರುತ್ತಿದ್ದಳು. ಅವರು ಊರು ಬಿಡುವ ದಿನ ಎರವಲಾಗಿ ತೆಗೆದುಕೊಂಡಿದ್ದ ಪುಸ್ತಕಗಳನ್ನೆಲ್ಲ ಒರೆಸಿ ತಂದು ಒಪ್ಪಿಸಿದಳು. ಊರಿನಿಂದ ಒಬ್ಬರೂ ಹೋಗಿ ಅವರನ್ನು ಮಾತಾಡಿಸಲಿಲ್ಲ. ನಲವತ್ತನಾಲ್ಕು ವರ್ಷ ಕಳೆದರೂ ಊರಿನವರ ಬಾಯಲ್ಲಿ ಅದು ಈಗಲೂ ಝೆರೂಕಿಯ ಬೆಂಕಿ. ಕೂಳೆ ಸುಟ್ಟವನ ಹೆಸರು ಯಾರಿಗೂ ನೆನಪಿಲ್ಲ.

ಕ್ಲೆಮಾನ್ಸ್ ಗುರುವಾರ ರಾತ್ರಿಯಿಂದ ನನ್ನ ಮನೆಯಲ್ಲಿದ್ದಾಳೆ. ಕೊಟ್ಟದ್ದನ್ನು ತಿನ್ನುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ. ಎರಡು ಜೊತೆ ಚಪ್ಪಲಿಯನ್ನೂ ಬಾಗಿಲ ಹತ್ತಿರ ಜೋಡಿಸಿಟ್ಟಿದ್ದಾಳೆ. ಶುಕ್ರವಾರ ಮಧ್ಯಾಹ್ನ ಅವಳು ನನ್ನನ್ನು ಕೇಳಿದ್ದು:

"ಅವತ್ತು ದಾರಿ ಆರಿಸಿದ್ದು ನಾನು. ಅವನು ಇಷ್ಟು ದೂರ ಸುತ್ತಿ ಹೋಗಬೇಕಾ ಅಂದಿದ್ದ. ನಾನು ನಿನ್ನ ಪಾಳಿ ಅಲ್ಲ, ಸುಮ್ಮನಿರು ಅಂದೆ. ನಾಳೆ ಅವರಮ್ಮನಿಗೆ ನಾನೇನು ಹೇಳಲಿ ಮೇಡಂ?"

ಶುಕ್ರವಾರ ಸಂಜೆ 7 ಗಂಟೆಗೆ ಸೂಪು ಮಾಡಿಕೊಂಡು ಎಮೆಯ ಮನೆಗೆ ಹೋದೆ. ಅವನ ಎರಡೂ ಕೈಗೆ ಪಟ್ಟಿ ಕಟ್ಟಿತ್ತು. ಮುಲಾಮು ಹಚ್ಚಿಸಿಕೊಂಡಿದ್ದ. ಹುಬ್ಬು ಸುಟ್ಟುಹೋಗಿದ್ದರಿಂದ ಅವನ ಮುಖ ಬೇರೆಯವರ ಮುಖದಂತೆ ಕಾಣುತ್ತಿತ್ತು. ಅಲಗು ಕಲ್ಲಿಗೆ ತಾಗಿ ಕಿಡಿ ಹಾರಿತು, ಕಾಲಿನಿಂದ ತುಳಿದೆ, ಗಾಳಿ ಅದನ್ನು ಕಾಲ ಕೆಳಗಿನಿಂದಲೇ ಎತ್ತಿಕೊಂಡು ಹೋಯಿತು ಎಂದು ಅವನು ನನಗೆ ಹೇಳಿದ. ಕೇಳದೆಯೇ ಹೇಳಿದ. ಆಮೇಲೆ ಸುಮಾರು ಹೊತ್ತು ಒಂದೇ ಮಾತು.

"ಮೂರು ದಿನ ಆಗಿತ್ತಲ್ಲ ಅತ್ತಿಗೆ. ನೀವೂ ಎಣಿಸಿರ್ತೀರಿ. ಮೂರು ಆಗಿತ್ತು ತಾನೇ?"

"ಆಗಿತ್ತು ಕಣೋ. ನಾನೂ ಎಣಿಸಿದ್ದೆ. ಅದಕ್ಕೇ ನಿನ್ನ ಕೈಯಿಂದ ಯಂತ್ರ ಕಿತ್ತುಕೊಳ್ಳಲಿಲ್ಲ. ಆದರೆ ಒಳಗಿರೋ ಹುಡುಗನಿಗೆ ನಮ್ಮ ಲೆಕ್ಕ ಗೊತ್ತಿರಲಿಲ್ಲ."

ಇಷ್ಟು ಹೇಳಿ, ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಬ್ರಿಸೋಲ್‌ಗೆ ಹೋಗುತ್ತೇನೆ, ಕಂಡದ್ದನ್ನೆಲ್ಲ ಹೇಳುತ್ತೇನೆ, ನಿನ್ನ ಅಣ್ಣ ಇದ್ದಿದ್ದರೆ ಅವರೂ ನನ್ನ ಜೊತೆ ಬರುತ್ತಿದ್ದರು ಎಂದು ತಿಳಿಸಿದೆ. ಅವನು ಸೂಪು ಕುಡಿದ. ಪಟ್ಟಿ ಕಟ್ಟಿದ ಕೈಯಲ್ಲಿ ಚಮಚ ಹಿಡಿಯಲಾಗದೆ ಬಟ್ಟಲನ್ನೇ ಎತ್ತಿ ಕುಡಿದ.

ಇಂದು ಶನಿವಾರ ಬೆಳಿಗ್ಗೆ 8 ಗಂಟೆ 30ಕ್ಕೆ ನಾನು ಬಸ್ಸಿಗೆ ಹೊರಟಾಗ ಎಮೆಯ ಕಾರು ನನ್ನ ಬಾಗಿಲಲ್ಲಿ ನಿಂತಿತ್ತು. ಹೊಸ ಅಂಗಿ ಹಾಕಿದ್ದ, ಗುಂಡಿಗಳನ್ನು ಅರ್ಧ ಮಾತ್ರ ಹಾಕಿಕೊಂಡಿದ್ದ. ಉಳಿದವನ್ನು ನಾನು ಹಾಕಿದೆ. ಡಬ್ಬಿಗಳ ಚೀಲವನ್ನು ಅವನೇ ಹಿಂದಿನ ಸೀಟಿಗೆ ಇಟ್ಟ. ಊರಿನಿಂದ ಈ ಠಾಣೆಗೆ ಇಪ್ಪತ್ತೆರಡು ಕಿಲೋಮೀಟರ್. ಸುಟ್ಟ ಕಾಡಿನ ನಡುವೆಯೇ ದಾರಿ. ಪಟ್ಟಿ ಕಟ್ಟಿದ ಕೈಗಳನ್ನು ಸ್ಟೀರಿಂಗಿಗೆ ಒತ್ತಿಕೊಂಡಿದ್ದ ಅವನು ಅಲ್ಲಿ ಕಾರನ್ನು ನಿಧಾನ ಮಾಡಲಿಲ್ಲ, ಜೋರಾಗಿಯೂ ಓಡಿಸಲಿಲ್ಲ. ಠಾಣೆಯ ಮುಂದೆ ನಿಲ್ಲಿಸಿದ ಮೇಲೆ ಮಾತಾಡಿದ.

"ಅತ್ತಿಗೆ, ನೀವು ಮೊದಲು ಹೋಗಿ. ಮೊದಲ ಮಾತು ನನ್ನ ಬಾಯಿಂದ ಬರ್ತಾ ಇಲ್ಲ. ರಾತ್ರಿಯೆಲ್ಲ ಗೋಡೆಗೆ ಹೇಳಿ ನೋಡಿದೆ. ನೀವು ಹೇಳಿದ ಮೇಲೆ ನಾನು ಬಂದು ಹೌದು ಅಂತೀನಿ."

ಅವನು ಈಗಲೂ ಹೊರಗಿದ್ದಾನೆ. ಈ ಹೇಳಿಕೆ ಶುರುವಾದಾಗ ಕಾರಿನೊಳಗೆ ಕುಳಿತಿದ್ದ. ಈಗ ಇಳಿದು ಮೆಟ್ಟಿಲುಗಳ ಕೆಳಗೆ ನಿಂತಿರುವುದು ಈ ಕಿಟಕಿಯಿಂದ ಕಾಣುತ್ತಿದೆ. ಯಾರನ್ನಾದರೂ ಕಳಿಸಿ ಕರೆಸುತ್ತೇನೆಂದು ಅಧಿಕಾರಿಗಳು ಎದ್ದರು. ಕಳಿಸಬಾರದೆಂದು ನಾನು ಬೇಡಿಕೊಂಡೆ. ಒಟ್ಟು ಐದು ಮೆಟ್ಟಿಲುಗಳಿವೆ, ಅವನಿಗೆ ಮಂಡಿ ನೋವು, ತಡವಾಗುತ್ತದೆ. ಸಂಜೆ ಐದಕ್ಕೆ ಇನ್ನೂ ಆರು ಗಂಟೆ ಇದೆ. ಪೊಲೀಸರು ಹೋಗಿ ಕರೆತಂದರೆ ಅವನು ಸಿಕ್ಕಿಬಿದ್ದವನಾಗುತ್ತಾನೆ. ಅವನಾಗಿಯೇ ಹತ್ತಿ ಬರಲಿ.

ನಾನು ಹೇಳಿದ್ದನ್ನು ಬರೆದು ನನಗೆ ಓದಿ ಹೇಳಿದ್ದಾರೆ. ಎರಡು ಕಡೆ ಆರೋಪಿ ಎಂದು ಬರೆದಿದ್ದರು. ನಾನು ಹುಡುಗ ಎಂದೇ ಹೇಳಿದ್ದರಿಂದ ಹಾಗೇ ತಿದ್ದಿಸಿದ್ದೇನೆ. ಉಳಿದದ್ದೆಲ್ಲ ನಾನು ಕಂಡದ್ದು, ಕೇಳಿದ್ದು. ಹೆಚ್ಚು ಸೇರಿಸಿಲ್ಲ, ಯಾರ ಮುಖ ನೋಡಿಯೂ ಕಡಿಮೆ ಮಾಡಿಲ್ಲ.

ಸ್ಥಳ: ಬ್ರಿಸೋಲ್ ಪೊಲೀಸ್ ಠಾಣೆ
ದಿನಾಂಕ: 9 ಜುಲೈ 2022, ಶನಿವಾರ, ಬೆಳಿಗ್ಗೆ 11 ಗಂಟೆ
ಸಹಿ: ಒನೊರೀನ್ ಕಾಸ್ತೆಲ್ಲಾಸ್

ಸಹಿ ಹಾಕುವಾಗ ಸೇರಿಸಿದ್ದು: ಅವನು ಮೂರನೇ ಮೆಟ್ಟಿಲಲ್ಲಿದ್ದಾನೆ. ಬಾಗಿಲು ತೆರೆದಿಡಬೇಕಾಗಿ ವಿನಂತಿ.